ಗಾಳಿ ತೆಗೆಯುವ ಬ್ಯಾಗ್‌ನಲ್ಲಿ ಕೌದಿ ಇಡಬಹುದಾ? ಒಂದು ವರ್ಷ ಬಳಸಿದ ಮೇಲೆ ಬರೆಯುತ್ತಿದ್ದೇನೆ

ಕೈಯಲ್ಲಿ ಹೊಲಿದ ಕೌದಿಗಳನ್ನು ಇಡೋಕೆ ಅಂತ ವ್ಯಾಕ್ಯೂಮ್ ಬ್ಯಾಗ್ ತಗೊಳ್ಳುವ ಯೋಚನೆ ಇದ್ದರೆ, ದಯವಿಟ್ಟು ಬೇಡ. ಪಾಲಿಯೆಸ್ಟರ್ ಕಂಫರ್ಟರ್, ನೆಂಟರು ಬಂದಾಗ ಬೇಕಾಗುವ ದಿಂಬು, ಇಂಥದ್ದಕ್ಕೆ ಚೆನ್ನಾಗಿದೆ. ಕಂಪನಿ ಹೆಸರು ಹಾಕುತ್ತಿಲ್ಲ, ಏಕೆಂದರೆ ಯಾವ ಕಂಪನಿಯ ಬ್ಯಾಗ್ ತಗೊಂಡರೂ ಕೌದಿಗೆ ಆಗುವುದು ಇದೇ.

ನಮ್ಮದು ವಿದ್ಯಾರಣ್ಯಪುರದಲ್ಲಿ ಎರಡು ರೂಮಿನ ಮನೆ. ಕೌದಿಗಳು ಈಗ 14. ಅಜ್ಜಿ ಹೊಲಿದದ್ದು 2, ಧಾರವಾಡದಿಂದ ಅವ್ವ ಕೊಟ್ಟು ಕಳಿಸಿದ್ದು 5, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಗಳೊಬ್ಬರಿಂದ ತಂದ ಕವಂದಿ (ಅವರ ಕೌದಿಗೆ ಹೀಗನ್ನುತ್ತಾರೆ) 1, ಉಳಿದ 6 ನಾನೇ ಹೊಲಿದದ್ದು, ವರ್ಷಕ್ಕೊಂದರಂತೆ. ಹಳೆ ಸೀರೆ, ಧೋತರ ಪದರ ಪದರವಾಗಿ ಹಾಸಿ, ಮೇಲೆ ತುಂಡು ಬಟ್ಟೆ ಜೋಡಿಸಿ ದಾರ ಓಡಿಸಿದರೆ ಒಂದೊಂದೂ ಒಳ್ಳೇ ಭಾರ ಆಗುತ್ತದೆ. ಮಡಿಸಿಟ್ಟರೆ ಅರ್ಧ ಕಪಾಟು ಹೋಯಿತು. ಅದಕ್ಕೇ ಆನ್‌ಲೈನ್‌ನಲ್ಲಿ 6 ಬ್ಯಾಗ್‌ಗಳ ಸೆಟ್ಟು, ಜೊತೆಗೊಂದು ಕೈಪಂಪು, ಸಾವಿರದ ಒಳಗೇ ಸಿಕ್ಕಿತು ಅಂತ ತರಿಸಿದೆ.

ಹೇಳಿದ ಕೆಲಸವನ್ನು ಬ್ಯಾಗ್ ಮಾಡುತ್ತದೆ, ಅದರಲ್ಲಿ ಮೋಸ ಇಲ್ಲ. ಮೂರು ಕೌದಿ ಒಳಗೆ ಹಾಕಿ ಪಂಪು ಒತ್ತಿದರೆ ಒಂದೂವರೆ ಅಡಿಯ ರಾಶಿ ನಾಲ್ಕು ಬೆರಳು ದಪ್ಪಕ್ಕೆ ಇಳಿಯಿತು. ಜಿಪ್ಪು ಗಟ್ಟಿ. ಒಂದು ಬ್ಯಾಗ್ ಮಾತ್ರ ತಿಂಗಳೊಳಗೆ ಗಾಳಿ ಎಳೆದುಕೊಂಡು ಉಬ್ಬಿತು. ಫೋನಿನಲ್ಲಿ ಅವ್ವನಿಗೆ ಖುಷಿಯಿಂದ ಹೇಳಿದರೆ, "ಅದಕ್ಕ ಗಾಳಿ ಬೇಕವಾ, ಉಸಿರು ಕಟ್ಟಿಸಬ್ಯಾಡ" ಅಂದಳು. ನಾನು ಕೇಳಲಿಲ್ಲ.

ಜುಲೈನಲ್ಲಿ ಇಟ್ಟಿದ್ದು, ದಸರಾ ಮುಗಿದ ಮೇಲೆ ತೆಗೆದೆ. ಅಜ್ಜಿಯ ಕೌದಿ ಬಿಡಿಸಿದಾಗ ಎದೆ ಧಸಕ್ ಅಂತು. ಅದರ ನಡುವೆ ಅವಳ ಇಳಕಲ್ ಸೀರೆಯ ಒಂದು ಪಟ್ಟಿ ಇದೆ, ಸೆರಗು ಮತ್ತು ಒಡಲು ಸೇರುವ ಜಾಗದ್ದು. ಇಳಕಲ್‌ನಲ್ಲಿ ಒಡಲಿನ ಹಾಸುನೂಲು (ಉದ್ದಕ್ಕೆ ಹಾಯುವ ಎಳೆ) ಹತ್ತಿಯದಾದರೂ ಸೆರಗಿನದು ರೇಷ್ಮೆ ಇರುತ್ತದೆ, ಎರಡನ್ನೂ ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಮಡಿಕೆ ಬಿದ್ದ ಗೆರೆಯುದ್ದಕ್ಕೂ ಸೆರಗಿನ ರೇಷ್ಮೆ ಸೀಳಿ ಎಳೆ ಎಳೆಯಾಗಿತ್ತು. ಕೊಂಡಿಯಾಚೆಯ ಹತ್ತಿ ಒಡಲಿಗೆ ಏನೂ ಆಗಿರಲಿಲ್ಲ. ಹಳೇ ರೇಷ್ಮೆ ಮಡಿಕೆಯಲ್ಲೇ ಮೊದಲು ಹರಿಯುವುದು, ಅಂಥದ್ದನ್ನು ಒಂದೇ ಗೆರೆಯ ಮೇಲೆ ಮೂರು ತಿಂಗಳು ಹಗಲೂ ರಾತ್ರಿ ಒತ್ತಿ ಹಿಡಿದರೆ ಇನ್ನೇನಾಗುತ್ತದೆ?

ಇನ್ನೊಂದು, ಮುಗ್ಗಲು. ಕೌದಿ ಹಸಿದಿರಬಾರದು ಅಂತ ಅವ್ವ ಕೊನೆಯ ತುಂಡು ಹೊಲಿದು ಮುಚ್ಚುವ ಮೊದಲು ಅದರ ಕೆಳಗೆ ನಾಲ್ಕು ಜೋಳದ ಕಾಳು ಹಾಕುತ್ತಾಳೆ. ಅವಳ ಒಂದು ಕೌದಿಯಲ್ಲಿ ಆ ಕಾಳಿರುವ ಮೂಲೆಯಲ್ಲಿ ಸಾಸಿವೆಯಷ್ಟು ದೊಡ್ಡ ಕಪ್ಪು ಚುಕ್ಕೆಗಳು. ಮಳೆಗಾಲದ ಬೆಂಗಳೂರಲ್ಲಿ ಕೈಗೆ ಒಣಗಿದ ಹಾಗೆ ಅನಿಸುವ ಹತ್ತಿಬಟ್ಟೆಯಲ್ಲೂ ತೇವ ಇರುತ್ತದೆ. ಪ್ಲಾಸ್ಟಿಕ್ ಒಳಗೆ ಮುಚ್ಚಿಟ್ಟರೆ ಅದು ಹೋಗುವುದೆಲ್ಲಿಗೆ? ಆ ಮೂಲೆಯ ಹೊಲಿಗೆ ಬಿಚ್ಚಿ, ಕಾಳು ತೆಗೆದು, ಸೋಪಿನ ನೀರಲ್ಲಿ ತೊಳೆದು ಟೆರೇಸ್ ಮೇಲೆ ಎರಡು ದಿನ ಒಣಗಿಸಿದೆ. ಚುಕ್ಕೆ ಪೂರ್ತಿ ಹೋಗಲಿಲ್ಲ. ಹಂಚಿನ ಮೇಲೆ ಹುರಿದ ನಾಲ್ಕು ಕಾಳು ಹೊಸದಾಗಿ ಹಾಕಿ ಮತ್ತೆ ಹೊಲಿದೆ.

ಈಗ ಏನು ಮಾಡಿದ್ದೇನೆ ಅಂತ ಹೇಳುತ್ತೇನೆ, ಯಾರಿಗಾದರೂ ಬೇಕಾಗಬಹುದು. ಚಿಕ್ಕಪೇಟೆಗೆ ಹೋಗಿ ಕೋರಾ ಬಟ್ಟೆ ತಂದೆ. ನಮ್ಮ ರಸ್ತೆಯ ಟೈಲರ್ ಅಣ್ಣ ದೊಡ್ಡ ದಿಂಬಿನ ಕವರ್ ಥರ 13 ಗವಸು ಹೊಲಿದುಕೊಟ್ಟರು. ಕೋರಾ ಬಟ್ಟೆಯನ್ನು ಹಾಗೇ ಬಳಸಬೇಡಿ. ಅದರಲ್ಲಿ ಗಂಜಿ ಇರುತ್ತದೆ, ಪುಸ್ತಕದ ಕಪಾಟಿನಲ್ಲಿ ಓಡಾಡುವ ಬೆಳ್ಳಿ ಬಣ್ಣದ ಹುಳಕ್ಕೆ ಗಂಜಿ ಅಂದರೆ ಊಟ. ಬಿಸಿನೀರಲ್ಲಿ ಎರಡು ಸಲ ಒಗೆದೆ, ಒಗೆದರೆ ಕುಗ್ಗುತ್ತದೆ ಅಂತ ಹೊಲಿಸುವ ಮೊದಲೇ.

ಮಡಿಸುವ ರೀತಿಯೂ ಬದಲಾಯಿತು. ಮೊದಲು ಸರಿಯಾಗಿ ಅರ್ಧಕ್ಕೆ ಮಡಿಸುತ್ತಿದ್ದೆ, ಈಗ ಮೂರು ಮಡಿಕೆ. ಪ್ರತಿ ಮಡಿಕೆಯ ಒಳಗೆ ಹಳೆ ಪಂಚೆಯನ್ನು ಸುರುಳಿ ಸುತ್ತಿ ಇಡುತ್ತೇನೆ, ಗೆರೆ ಬೀಳದೆ ದುಂಡಗೆ ಬಾಗುತ್ತದೆ. ಸಂಕ್ರಾಂತಿ, ಯುಗಾದಿ, ಪಂಚಮಿ, ದಸರಾ, ವರ್ಷಕ್ಕೆ ನಾಲ್ಕು ಸಲ ಎಲ್ಲವನ್ನೂ ತೆಗೆದು, ಕೊಡವಿ, ನೆರಳಲ್ಲಿ ಗಾಳಿಗೆ ಹಾಕಿ ಬೇರೆ ಗೆರೆಯ ಮೇಲೆ ಮಡಿಸುವುದು. ಒಂದಿಡೀ ಭಾನುವಾರ ಹೋಗುತ್ತದೆ ನಿಜ, ಆದರೆ ಆ ದಿನ ಮಗಳು ಪಕ್ಕದಲ್ಲಿ ಕೂತು ಇದು ಯಾರ ಸೀರೆ, ಅದು ಯಾರ ಖಣ ಅಂತ ಕೇಳುತ್ತಾಳೆ. ಅವಳು ಕೇಳಿದ್ದರಿಂದಲೇ ಹಿಂಬದಿಯ ಮೂಲೆಯಲ್ಲಿ ಪಟ್ಟಿ ಹೊಲಿಯಲು ಶುರು ಮಾಡಿದೆ: ಯಾರು ಹೊಲಿದದ್ದು, ಯಾವ ವರ್ಷ, ಯಾರ್ಯಾರ ಬಟ್ಟೆ. ಅಜ್ಜಿಯ ಒಂದು ಕೌದಿಯಲ್ಲಿರುವ ಹಸಿರು ತುಂಡು ಯಾರದ್ದು ಅಂತ ಅವ್ವನಿಗೂ ನೆನಪಿಲ್ಲ.

ನುಸಿಗುಳಿಗೆ ಇಡುವುದನ್ನು ಬಿಟ್ಟೆ. ವಾಸನೆ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ, ಮಕ್ಕಳು ಹೊದೆಯುವ ವಸ್ತು ಅಲ್ವಾ. ಪೂರ್ತಿ ಒಣಗಿಸಿದ ಬೇವಿನ ಎಲೆ ಚಿಕ್ಕ ಬಟ್ಟೆ ಚೀಲದಲ್ಲಿ ಕಟ್ಟಿ ಮೂಲೆಗೆ ಇಡುತ್ತೇನೆ, ಎರಡು ತಿಂಗಳಿಗೊಮ್ಮೆ ಬದಲಿಸುತ್ತೇನೆ. ಕಪಾಟಿನ ಮರ ಬಟ್ಟೆಗೆ ತಾಗಿದರೆ ಕಾಲ ಕಳೆದಂತೆ ಹಳದಿ ಕಲೆ ಆಗುತ್ತದೆ, ಅದಕ್ಕೆ ಕೆಳಗೊಂದು ಒಗೆದ ಬಿಳಿ ಪಂಚೆ. ಮೂರಕ್ಕಿಂತ ಜಾಸ್ತಿ ಒಂದರ ಮೇಲೊಂದು ಇಡುವುದಿಲ್ಲ, ಹಾಗಾಗಿ ನನ್ನ ಸೀರೆಗಳೆಲ್ಲ ಲಾಫ್ಟ್‌ಗೆ ಹೋದವು.

ಕವಂದಿಗೆ ಮಾತ್ರ ಗವಸು ಹೊಲಿಸಲಿಲ್ಲ. ಸಿದ್ದಿ ಹೆಂಗಸರು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಹೊಲಿದುಕೊಂಡು ಬರುತ್ತಾರೆ, ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ತ್ರಿಕೋನ, ಅದಕ್ಕೆ ಫುಲ, ಅಂದರೆ ಹೂವು, ಅನ್ನುತ್ತಾರೆ. ಬ್ಯಾಗ್‌ನಿಂದ ತೆಗೆದಾಗ ಆ ನಾಲ್ಕು ಹೂವೂ ಚಪ್ಪಟೆಯಾಗಿದ್ದವು. ಬೆರಳಲ್ಲಿ ಒಂದೊಂದನ್ನೇ ಬಿಡಿಸಿ ಮಗಳ ಮಂಚದ ಮೇಲೆ ಹಾಸಿದೆ. ಈಗ ಅವಳು ದಿನಾ ಅದನ್ನೇ ಹೊದ್ದು ಮಲಗುತ್ತಾಳೆ, ಹೂವುಗಳು ಮತ್ತೆ ಎದ್ದು ನಿಂತಿವೆ.