ಪದ್ಮಿನಿಯ ಬ್ರೇಕಿಗೆ ಬಿಡಿಭಾಗ: ಎಲ್ಲೆಲ್ಲಿ ಕೊಂಡೆ, ಯಾರನ್ನು ನಂಬಿದೆ

ನನ್ನ ಬಳಿ 1984ರ ಪ್ರೀಮಿಯರ್ ಪದ್ಮಿನಿ ಕಾರಿದೆ. ಕಳೆದ ಎರಡು ವರ್ಷಗಳಲ್ಲಿ ಅದರ ಬ್ರೇಕುಗಳನ್ನು ಪೂರ್ತಿ ಹೊಸದಾಗಿಸುವ ಸಲುವಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಹಳೆಯ ಅಂಗಡಿಗಳು, ಶಿವಾಜಿನಗರದ ಗುಜರಿ, ಅಂತರ್ಜಾಲದ ಮಾರಾಟತಾಣ ಮತ್ತು ಇಟಲಿಯ ಒಬ್ಬ ವ್ಯಾಪಾರಿ, ಹೀಗೆ ಬೇರೆ ಬೇರೆ ಕಡೆಯಿಂದ ಬಿಡಿಭಾಗಗಳನ್ನು ತರಿಸಿ, ಜೋಡಿಸಿ, ಓಡಿಸಿ ನೋಡಿದ್ದೇನೆ. ಈ ಹೋಲಿಕೆ ಆ ಅನುಭವದಿಂದ ಬಂದದ್ದು.

ನನ್ನ ಕಾರಿನ ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕುಗಳೇ ಇವೆ, ಒತ್ತಡ ಹೆಚ್ಚಿಸುವ ಬೂಸ್ಟರ್ ಇಲ್ಲ, ಮತ್ತು ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ತಳ್ಳುವ ಒಂದೇ ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಒಂದೇ ಸಾಲು ಅದನ್ನು ನಾಲ್ಕೂ ಚಕ್ರಗಳಿಗೆ ಒಯ್ಯುತ್ತದೆ. ಯಾವುದಾದರೂ ಒಂದು ಚಕ್ರದಲ್ಲಿ ಆಯಿಲ್ ಸೋರದಂತೆ ತಡೆಯುವ ಒಂದು ರಬ್ಬರ್ ಕಪ್ ಹರಿದರೂ ನಾಲ್ಕೂ ಬ್ರೇಕುಗಳು ಒಟ್ಟಿಗೇ ಕೈಬಿಡುತ್ತವೆ. ಬಾಗಿಲಿನ ಹಿಡಿಯನ್ನೋ ದೀಪದ ಗಾಜನ್ನೋ ಕೊಳ್ಳುವಾಗ ತೋರಿಸುವ ಔದಾರ್ಯವನ್ನು ಇಲ್ಲಿ ತೋರಿಸಲಾಗದು.

ಇನ್ನೊಂದು ತೊಡಕು ಕಾಲದ್ದು. ಪದ್ಮಿನಿಯ ತಯಾರಿಕೆ ಈ ಶತಮಾನದ ಆರಂಭದಲ್ಲೇ ನಿಂತುಹೋದರೂ ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಿಂದಾಗಿ ಅದರ ಬಿಡಿಭಾಗಗಳಿಗೆ ಬೇಡಿಕೆ ಉಳಿದಿತ್ತು. ಅಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ. ಟ್ಯಾಕ್ಸಿಗಳಿಗೆ ವಿಧಿಸಿದ 20 ವರ್ಷಗಳ ಮಿತಿಯಂತೆ ಅದು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಹೊರಬಿತ್ತು. ಹೊಸ ಮಾಲು ಬಂದು ಹಳೆಯದು ಖಾಲಿಯಾಗುವ ಓಟವೇ ಈಗ ಇಲ್ಲವಾದ್ದರಿಂದ, ಕಪಾಟಿನಲ್ಲಿರುವ ಡಬ್ಬಿ ಎಷ್ಟು ವರ್ಷದ್ದು ಎಂಬ ಪ್ರಶ್ನೆ ಬೆಲೆಗಿಂತ ಮುಖ್ಯವಾಗಿದೆ.

ಜೆ.ಸಿ. ರಸ್ತೆಯಲ್ಲಿ ನಾನು ಮೊದಲು ಹೋದ ಅಂಗಡಿಯವರು ಮಾಸ್ಟರ್ ಸಿಲಿಂಡರನ್ನು ಮೊಹರು ಒಡೆಯದ ಡಬ್ಬಿಯಲ್ಲೇ ಕೊಟ್ಟು, ಇದು ಒರಿಜಿನಲ್, ಹಳೆಯ ಸ್ಟಾಕ್, ತೆರೆದರೆ ವಾಪಸು ಇಲ್ಲ ಎಂದರು. ಹಳೆಯ ಕಾರುಗಳನ್ನು ಇಟ್ಟುಕೊಂಡವರಿಗೆ ಆ ಮಾತು ಹಿತವಾಗಿ ಕೇಳಿಸುತ್ತದೆ; ನನಗೂ ಕೇಳಿಸಿತು. ನಾಲ್ಕು ತಿಂಗಳ ನಂತರ ಚಾಮುಂಡಿ ಬೆಟ್ಟ ಇಳಿಯುವಾಗ ಪೆಡಲನ್ನು ಒಂದೇ ಸಮನೆ ಒತ್ತಿ ಹಿಡಿದಿದ್ದರೂ ಅದು ನಿಧಾನವಾಗಿ ನೆಲದತ್ತ ಇಳಿಯತೊಡಗಿತು. ಕಾರನ್ನು ಕೆಳ ಗೇರಿಗೆ ತಂದು, ಕೈಬ್ರೇಕಿನ ನೆರವಿನಿಂದ ಬದಿಗೆ ನಿಲ್ಲಿಸಿದೆ. ಹೊರಗೆ ಎಲ್ಲಿಯೂ ಸೋರಿಕೆ ಇರಲಿಲ್ಲ. ಬಿಚ್ಚಿ ನೋಡಿದಾಗ ಒಳಗಿನ ರಬ್ಬರ್ ಕಪ್ಪಿನ ಅಂಚು ಗಡುಸಾಗಿ ಸೀಳು ಬಿಟ್ಟಿತ್ತು, ಆಯಿಲ್ ಅದನ್ನು ದಾಟಿ ಹಿಂದಕ್ಕೆ ಹೋಗುತ್ತಿತ್ತು. ಆ ಭಾಗ ನಕಲಿಯಾಗಿರಲಿಲ್ಲ. ಅಸಲಿಯೇ, ಆದರೆ ಮುದಿಯಾಗಿತ್ತು.

ಅದೇ ರಸ್ತೆಯ ಇನ್ನೊಂದು ಅಂಗಡಿಯ ಹಿರಿಯರು ನಡೆದುಕೊಂಡ ರೀತಿಯನ್ನು ನಾನು ಮರೆಯಲಾರೆ. ಅವರು ಡಬ್ಬಿಯನ್ನು ತಾವೇ ಒಡೆದು, ಪಿಸ್ಟನ್ ಹೊರತೆಗೆದು, ಕಪ್ಪಿನ ಅಂಚನ್ನು ಹೆಬ್ಬೆರಳಿನಿಂದ ಮಡಚಿ ತೋರಿಸಿ, "ಬಾಡಿ ಚೆನ್ನಾಗಿದೆ ಸಾರ್, ರಬ್ಬರ್ ಮಾತ್ರ ನಂಬಬೇಡಿ, ಹೊಸ ಕಿಟ್ ಹಾಕಿಸ್ಕೊಳ್ಳಿ" ಎಂದರು. ಆ ರಬ್ಬರ್ ಭಾಗಗಳ ಕಿಟ್ ತಮ್ಮಲ್ಲಿ ಇಲ್ಲವೆಂದು ಬೇರೆ ಅಂಗಡಿಗೆ ಕಳುಹಿಸಿದರು. ತನ್ನ ಮಾಲಿನ ಕುಂದನ್ನು ಕೊಳ್ಳುವವನಿಗಿಂತ ಮೊದಲೇ ಹೇಳುವ ವ್ಯಾಪಾರಿಯ ಬಳಿಗೆ ಮತ್ತೆ ಹೋಗಲು ನನಗೆ ಬೇರೆ ಕಾರಣ ಬೇಕಾಗಲಿಲ್ಲ.

ಶಿವಾಜಿನಗರದ ಗುಜರಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅಲ್ಲಿ ಕೊಳ್ಳಬಹುದಾದದ್ದು ಬರೀ ಕಬ್ಬಿಣ: ಚಕ್ರದೊಡನೆ ತಿರುಗುವ ಡ್ರಮ್ಮುಗಳು, ಅವುಗಳ ಒಳಮೈಗೆ ಒತ್ತಿ ಚಕ್ರವನ್ನು ನಿಲ್ಲಿಸುವ, ಲೈನರ್ (ಉಜ್ಜುವ ಪದರ) ಸವೆದುಹೋದ ಶೂಗಳು. ಡ್ರಮ್ಮಿನ ಒಳವ್ಯಾಸವನ್ನು ಅಳೆದು, ಬೆರಳಿನ ಗೆಣ್ಣಿನಿಂದ ತಟ್ಟಿ, ಗಂಟೆಯಂತೆ ನಾದ ಬಂದರೆ ಬಿರುಕಿಲ್ಲವೆಂದು ತಿಳಿದು ಎರಡನ್ನು ತಂದೆ, ಎರಡೂ ಚೆನ್ನಾಗಿವೆ. ಹಳೆಯ ಶೂಗಳ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆಯಿದೆ, ಆದ್ದರಿಂದ ಅದರ ಧೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ನಮ್ಮ ಗ್ಯಾರೇಜುಗಳಲ್ಲಿ ಹುಡುಗರು ಕಂಪ್ರೆಸರ್ ಹಿಡಿದು ಅದನ್ನು ಮುಖದ ಮುಂದೆಯೇ ಊದುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅಂತರ್ಜಾಲದಲ್ಲಿ ಹಿಂದಿನ ಚಕ್ರಕ್ಕೆಂದು ತರಿಸಿದ ವೀಲ್ ಸಿಲಿಂಡರಿನ (ಚಕ್ರದಲ್ಲಿ ಕೂತು ಶೂಗಳನ್ನು ತಳ್ಳುವ ಭಾಗ) ಚಿತ್ರವೇ ಬೇರೆ, ಬಂದ ವಸ್ತುವೇ ಬೇರೆಯಾಗಿತ್ತು. ಬೋಲ್ಟಿನ ತೂತುಗಳು ಹೊಂದಿದವು, ಪೈಪೂ ಕೂತಿತು, ಆದರೆ ಒಳವ್ಯಾಸ ನನ್ನ ಹಳೆಯದಕ್ಕಿಂತ ದೊಡ್ಡದಾಗಿತ್ತು. ಇದು ಸಣ್ಣ ವಿಷಯವೆಂದು ಮಾರಾಟಗಾರರು ಹೇಳಿದರು; ಖಂಡಿತ ಅಲ್ಲ. ಸಿಲಿಂಡರ್ ಶೂವನ್ನು ತಳ್ಳುವ ಬಲವು ಅದರ ವ್ಯಾಸದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 3/4 ಇಂಚಿನ ಜಾಗದಲ್ಲಿ 7/8 ಇಂಚಿನದನ್ನು ಕೂರಿಸಿದರೆ ಅದೇ ಒತ್ತಡಕ್ಕೆ ಬಲ ಸುಮಾರು ಶೇಕಡ 36ರಷ್ಟು ಹೆಚ್ಚುತ್ತದೆ. ಹಿಂದಿನ ಚಕ್ರಗಳಲ್ಲಿ ಹೀಗಾದರೆ ಒದ್ದೆ ರಸ್ತೆಯಲ್ಲಿ ಅವು ಮುಂದಿನವುಗಳಿಗಿಂತ ಮೊದಲು ಬಿಗಿದು, ಕಾರಿನ ಹಿಂಭಾಗ ಅಡ್ಡ ತಿರುಗುತ್ತದೆ. ಹಣ ಮರಳಿ ಬಂತಾದರೂ, ಒಳವ್ಯಾಸ ಎಷ್ಟೆಂದು ನಾನು ಕೊಳ್ಳುವ ಮೊದಲು ಕೇಳಿದ್ದ ಪ್ರಶ್ನೆಗೆ ಕೊನೆಯವರೆಗೂ ಉತ್ತರ ಬರಲಿಲ್ಲ. ಅಳತೆ ಹೇಳಲಾರದವರಿಂದ ಬ್ರೇಕಿನ ಭಾಗವನ್ನು ನಾನು ಈಗ ಕೊಳ್ಳುವುದಿಲ್ಲ.

ಇಟಲಿಯ ವ್ಯಾಪಾರಿ ಇದಕ್ಕೆ ತೀರ ವಿರುದ್ಧ. ಪದ್ಮಿನಿಯ ಮೂಲ ಫಿಯಟ್ 1100 ಡಿ ಆದ್ದರಿಂದ ಅಲ್ಲಿ ಅದರ ಭಾಗಗಳನ್ನು ಇನ್ನೂ ಮಾರುತ್ತಾರೆ. ಅವರು ಹಣ ಕೇಳುವ ಮೊದಲು ಹಳೆಯ ಭಾಗದ ಚಿತ್ರವನ್ನೂ ಅಳತೆಯನ್ನೂ ಕೇಳಿದರು. ಬಂದ ರಬ್ಬರ್ ಕಿಟ್ಟುಗಳು ಮೆದುವಾಗಿ, ಹೊಸದಾಗಿ ಇದ್ದವು. ಇಂದಿಗೂ ಒಂದು ಹನಿ ಸೋರಿಲ್ಲ. ಆದರೆ ಹೋಸ್ ಪೈಪಿನ ಒಂದು ತುದಿಯ ತ್ರೆಡ್ (ತಿರುಪಿನ ಸುತ್ತು) ನನ್ನ ಕಾರಿಗೆ ಹೊಂದಲಿಲ್ಲ. ದಶಕಗಳ ಕಾಲ ನಮ್ಮಲ್ಲೇ ತಯಾರಾದ ಕಾರು ತನ್ನ ಮೂಲದಿಂದ ಅಲ್ಲಲ್ಲಿ ದೂರ ಸರಿದಿರುವುದು ಸಹಜ, ಅದನ್ನು ವ್ಯಾಪಾರಿಯ ತಪ್ಪೆನ್ನಲಾರೆ. ಅಂಚೆ ವೆಚ್ಚ ಮತ್ತು ಸುಂಕ ಸೇರಿ ಕಿಟ್ಟಿನ ಬೆಲೆಯನ್ನೇ ಮೀರಿದವು.

ಬ್ರೇಕ್ ಆಯಿಲಿಗೆ ಮಾತ್ರ ಹಳೆಯ ಕಾರುಗಳ ವಿಶೇಷ ಅಂಗಡಿಯನ್ನು ಹುಡುಕಬಾರದು. ಅದು ಗಾಳಿಯ ತೇವವನ್ನು ಹೀರುವ ದ್ರವ, ಕುದಿದರೆ ಬ್ರೇಕ್ ಹಿಡಿಯುವುದಿಲ್ಲ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದ್ದರೆ, ತೇವ ಸೇರಿದ ಆಯಿಲಿಗೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ದಿನವೂ ಹತ್ತಾರು ಡಬ್ಬಿ ಮಾರುವ ಸಾಮಾನ್ಯ ಅಂಗಡಿಯಲ್ಲಿ, ತಯಾರಿಕೆಯ ತಿಂಗಳು ನೋಡಿ, ಚಿಕ್ಕ ಡಬ್ಬಿಯನ್ನೇ ಕೊಳ್ಳುತ್ತೇನೆ.

ಇಷ್ಟೆಲ್ಲ ಸುತ್ತಾಡಿದ ಮೇಲೆ ನನಗೆ ಹೆಚ್ಚು ನೆಮ್ಮದಿ ಕೊಟ್ಟದ್ದು ಹೊಸ ಸಿಲಿಂಡರ್ ಅಲ್ಲ, ನನ್ನ ಕಾರಿನದೇ ಹಳೆಯ ಸಿಲಿಂಡರುಗಳು. ಪೀಣ್ಯದ ಒಂದು ಲೇತ್ ಕಾರ್ಯಾಗಾರದವರು ಅವುಗಳ ತುಕ್ಕು ತಿಂದ ಒಳಮೈಯನ್ನು ಕೊರೆದು, ಸ್ಟೇನ್‌ಲೆಸ್ ಸ್ಟೀಲಿನ ಸ್ಲೀವ್ (ತೆಳುವಾದ ಒಳಕೊಳವೆ) ಕೂರಿಸಿ, ಮೂಲ ಅಳತೆಗೇ ನಯಗೊಳಿಸಿ ಕೊಟ್ಟರು. ಇದರಿಂದ ಮಾರುವವರ ಮಾತನ್ನು ನಂಬಬೇಕಾದ ಸಂದರ್ಭ ರಬ್ಬರ್ ಕಿಟ್ಟಿಗಷ್ಟೇ ಸೀಮಿತವಾಯಿತು. ಖರ್ಚು ಜೆ.ಸಿ. ರಸ್ತೆಯ ಹಳೆಯ ಸ್ಟಾಕಿಗಿಂತ ಹೆಚ್ಚೇ ಆಯಿತು, ಕೆಲಸಕ್ಕೆ ಮೂರು ವಾರ ಹಿಡಿಯಿತು. ಬೆಟ್ಟವನ್ನು ಆಮೇಲೆ ಹಲವು ಬಾರಿ ಇಳಿದಿದ್ದೇನೆ. ಪೆಡಲ್ ಕಾಲಿನ ಕೆಳಗೆ ಗಟ್ಟಿಯಾಗಿ ನಿಲ್ಲುತ್ತದೆ.

ಮುಂದಿನ ಎಡ ಚಕ್ರದ ಹೋಸ್ ಪೈಪ್ ಮಾತ್ರ ಇನ್ನೂ ಹಳೆಯದೇ. ಹಳೆಯ ಹೋಸು ಒಳಗೆ ಊದಿಕೊಂಡರೆ ಆಯಿಲ್ ಹಿಂದಿರುಗದೆ ಆ ಚಕ್ರ ಬಿಗಿಹಿಡಿದೇ ಓಡುತ್ತದೆ, ಹಾಗಾಗಿ ಪ್ರತಿ ಸವಾರಿಯ ನಂತರ ಆ ಡ್ರಮ್ಮಿನ ಬಿಸಿಯನ್ನು ಬಲಬದಿಯದರೊಡನೆ ಹೋಲಿಸಿ ನೋಡುತ್ತಿದ್ದೇನೆ. ಜೆ.ಸಿ. ರಸ್ತೆಯ ಆ ಹಿರಿಯರು ಸರಿಯಾದ ತ್ರೆಡ್ಡಿನದನ್ನು ವಿಚಾರಿಸಿ ತಿಳಿಸುವುದಾಗಿ ಹೇಳಿದ್ದಾರೆ. ಅವರಿಂದ ಕರೆ ಬರುವ ತನಕ ಪದ್ಮಿನಿಯನ್ನು ಬೆಟ್ಟಕ್ಕೆ ಒಯ್ಯದೆ ಊರೊಳಗಷ್ಟೇ ಓಡಿಸುತ್ತಿದ್ದೇನೆ.