ವಾಟರ್‌ಡೀಪ್ ಡ್ರ್ಯಾಗನ್ ಹೈಸ್ಟ್: ಕಥೆಗಿಂತ ಊರೇ ಚೆನ್ನಾಗಿದೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ. ಅದನ್ನು ಆಡುವವರಿಗೆ ವಾಟರ್‌ಡೀಪ್ ಅನ್ನೋ ಕಲ್ಪನೆಯ ಊರಲ್ಲಿ ನಡೆಯುವ ಈ ಕಥಾಪುಸ್ತಕ ಹೊಸದೇನಲ್ಲ. 2018ರಲ್ಲಿ ಬಂತು. 224 ಪುಟ, ಆಟದ ಐದನೇ ಆವೃತ್ತಿಯ ನಿಯಮಗಳು, ಪಾತ್ರಗಳು ಒಂದನೇ ಲೆವೆಲ್‌ನಿಂದ (ಅಂದರೆ ಬಲದ ಮಟ್ಟ) ಐದರವರೆಗೆ ಬೆಳೆಯುವ ಕಥೆ. ಬಸವನಗುಡಿಯಲ್ಲಿ ಗೆಳೆಯನ ಮನೆ ಮಹಡಿಯಲ್ಲಿ ಭಾನುವಾರ ಸೇರುವ ನಮ್ಮ ಗುಂಪಿಗೆ ನಾನೇ ಡಂಜನ್ ಮಾಸ್ಟರ್, ಅಂದರೆ ಕಥೆ ಹೇಳಿ ಆಟ ನಡೆಸುವವನು. ಪುಸ್ತಕದ ಕಥೆ ಮುಗಿದು ಎಷ್ಟೋ ಕಾಲವಾಯಿತು, ನಾವಿನ್ನೂ ಆ ಊರು ಬಿಟ್ಟಿಲ್ಲ.

ಆಟಗಾರರಾಗಿ ಕೂರಲಿರುವವರು ಇಲ್ಲಿಗೇ ಓದು ನಿಲ್ಲಿಸಿ. ಮುಂದೆ ಗುಟ್ಟು ರಟ್ಟಾಗುತ್ತದೆ.

ಮೊದಲು ತಕರಾರು. ಹೈಸ್ಟ್ ಅಂದರೆ ದರೋಡೆ. ಹೆಸರಲ್ಲಿ ದರೋಡೆ ಇದೆ, ಒಳಗೆ ಇಲ್ಲ. ಊರಿನ ಹಳೆಯ ಮುಖ್ಯಸ್ಥ ಡಾಗಲ್ಟ್ ನೆವರೆಂಬರ್ ಐದು ಲಕ್ಷ ಚಿನ್ನದ ನಾಣ್ಯ ನುಂಗಿ ಎಲ್ಲೋ ಬಚ್ಚಿಟ್ಟಿದ್ದಾನೆ. ಅದರ ಜಾಡು ಹೇಳುವ ಒಂದು ಕಲ್ಲಿದೆ. ನಾಲ್ಕನೇ ಅಧ್ಯಾಯ ಪೂರ್ತಿ ಆ ಕಲ್ಲಿನ ಹಿಂದೆ ಓಟ. ಆಟಗಾರರು ಎಷ್ಟೇ ಚುರುಕಾಗಿ ಆಡಲಿ, ಸರದಿ ಮುಗಿಯುವವರೆಗೆ ಕಲ್ಲು ಕೈಗೆ ಸಿಗಬಾರದು ಅನ್ನೋ ಲೆಕ್ಕದಲ್ಲೇ ಬರೆದಿದ್ದಾರೆ. ಬುದ್ಧಿ ಇರುವ ಯಾರಿಗಾದರೂ ಇದು ಬೇಗ ಗೊತ್ತಾಗುತ್ತದೆ. "ಗುರು, ಇದು ಮೋಸ ಅಲ್ವಾ?" ಅಂತ ನಮ್ಮವನೊಬ್ಬ ಕೇಳಿಯೇಬಿಟ್ಟ. ಹೌದು, ಮೋಸವೇ.

ಖಳರು ನಾಲ್ಕು ಜನ. ವಸಂತಕ್ಕೆ ಭೂಗತ ಲೋಕದ ದೊರೆ ಜಾನತಾರ್, ಬೇಸಿಗೆಗೆ ಶ್ರೀಮಂತ ಕ್ಯಾಸಲಾಂಟರ್ ದಂಪತಿ, ಶರತ್ತಿಗೆ ಕೂಲಿ ಸೈನಿಕರ ನಾಯಕ ಜಾರ್ಲಾಕ್ಸಲ್, ಚಳಿಗಾಲಕ್ಕೆ ಮಾಂತ್ರಿಕ ಮ್ಯಾನ್ಶೂನ್. ಕಥೆ ಯಾವ ಋತುವಿನಲ್ಲಿ ನಡೆಯಬೇಕು ಅಂತ ಡಂಜನ್ ಮಾಸ್ಟರ್ ಆರಿಸಿದರೆ ಖಳ ಸಿಕ್ಕ. ಒಬ್ಬೊಬ್ಬರ ಅಡ್ಡಾಕ್ಕೂ ಒಂದೊಂದು ಅಧ್ಯಾಯ ಕೊಟ್ಟಿದ್ದಾರೆ, ಆದರೆ ಕಥೆ ಮುಗಿಸೋಕೆ ಅಲ್ಲಿಗೆ ಕಾಲಿಡಲೇಬೇಕು ಅಂತೇನಿಲ್ಲ. ಆ ಲೆವೆಲ್‌ನಲ್ಲಿ ಕಾಲಿಟ್ಟರೆ ವಾಪಸ್ ಬರುವುದೂ ಕಷ್ಟ. ನಾನು ನಾಲ್ವರನ್ನೂ ಒಟ್ಟಿಗೇ ಊರಿಗೆ ಬಿಟ್ಟೆ. ಒಬ್ಬೊಬ್ಬರಿಗೂ ಒಂದು ವೃತ್ತ ಬರೆದು, ಆರೋ ಎಂಟೋ ಭಾಗ ಮಾಡಿ, ಆಟಗಾರರು ಬೇರೆಲ್ಲೋ ಓಡಾಡುವಾಗ ಒಂದೊಂದೇ ಭಾಗ ತುಂಬುತ್ತಾ ಹೋದೆ; ವೃತ್ತ ಪೂರ್ತಿ ತುಂಬಿದರೆ ಆ ಖಳನ ಸಂಚು ಕೈಗೂಡಿದ ಹಾಗೆ. ಈ ಉಪಾಯ ಬ್ಲೇಡ್ಸ್ ಇನ್ ದ ಡಾರ್ಕ್ ಅನ್ನೋ ಬೇರೆ ಆಟದ್ದು. ಊರಲ್ಲಿ ನಡೆಯುವ ಕ್ಯಾಂಪೇನ್‌ಗೆ (ವಾರಗಟ್ಟಲೆ ಸಾಗುವ ಕಥೆಗೆ) ಇದಕ್ಕಿಂತ ಸುಲಭದ ಉಪಕರಣ ನನಗೆ ಸಿಕ್ಕಿಲ್ಲ. ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಡಿ. ವೃತ್ತ ತುಂಬುವುದನ್ನು ನೋಡಿದಾಗ ಅವರಿಗಾಗುವ ಹೆದರಿಕೆ ಯಾವ ರಾಕ್ಷಸನಿಂದಲೂ ಆಗುವುದಿಲ್ಲ.

ಇನ್ನು ಹೊಗಳಿಕೆ. ಇದು ಜಾಸ್ತಿ ಇದೆ.

ಮೊದಲ ಕೆಲಸ ಮುಗಿಸಿದರೆ ಸಂಬಳದ ಬದಲು ಒಂದು ಪಾಳುಬಿದ್ದ ಹೆಂಡದಂಗಡಿ ಸಿಗುತ್ತದೆ: ಟ್ರೋಲ್‌ಸ್ಕಲ್ ಮ್ಯಾನರ್. ಒಳಗೆ ಹಳೆಯ ಪರಿಚಾರಕನ ದೆವ್ವವೂ ಇದೆ. ರಿಪೇರಿಗೆ ದುಡ್ಡು ಬೇಕು, ಮೇಲೆ ಹಲವು ಗಿಲ್ಡ್‌ಗಳಿಗೆ (ಕಸುಬುದಾರರ ಸಂಘಗಳಿಗೆ) ಫೀಸು ಕಟ್ಟಬೇಕು. ಟ್ರೇಡ್ ಲೈಸೆನ್ಸ್‌ಗೆ ಓಡಾಡಿ ಸುಸ್ತಾದ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಗಿಲ್ಡ್‌ನವರು ಬಂದಾಗ ನಮ್ಮ ಗುಂಪು ಕತ್ತಿ ತೆಗೆಯಲಿಲ್ಲ, ನೇರ ಚೌಕಾಸಿಗೆ ಕೂತಿತು. ಅರ್ಧ ಸೆಷನ್ ಅದರಲ್ಲೇ ಹೋಯಿತು, ಯಾರಿಗೂ ಬೇಜಾರಾಗಲಿಲ್ಲ.

ಆ ಓಣಿಯ ಅಕ್ಕಪಕ್ಕದವರನ್ನು ಬಹಳ ಚೆನ್ನಾಗಿ ಬರೆದಿದ್ದಾರೆ. ಬೆಂಕಿಯ ಕುಲದವನೂ ನೀರಿನ ಕುಲದವನೂ ಮದುವೆಯಾಗಿ ಕಮ್ಮಾರಿಕೆ ಮಾಡುತ್ತಾರೆ. ಪುಸ್ತಕದಂಗಡಿಯವನು ಡ್ರ್ಯಾಗನ್‌ಬಾರ್ನ್, ಅಂದರೆ ಡ್ರ್ಯಾಗನ್ ರೂಪದ ಮನುಷ್ಯ. ಪಕ್ಕದಲ್ಲೊಬ್ಬ ಖಾಸಗಿ ಪತ್ತೇದಾರ, ಅವನ ಅಸಲಿ ರೂಪ ರಕ್ಕಸ. ಹೊಟ್ಟೆಕಿಚ್ಚಿನ ಎದುರಾಳಿ ಹೆಂಡದಂಗಡಿಯವ ಫ್ರೂನ್ ಬೇರೆ. ಪುಸ್ತಕದಲ್ಲಿ ಇವರಿಗೆ ಸಿಕ್ಕಿರುವುದು ಕೆಲವೇ ಸಾಲು, ನಮ್ಮ ಮೇಜಿನಲ್ಲಿ ಅವರೇ ನಾಯಕರು. ಮೂರನೇ ಅಧ್ಯಾಯದಲ್ಲಿ ಅದೇ ಓಣಿಯಲ್ಲಿ ಬೆಂಕಿಯ ಚೆಂಡು ಸಿಡಿದಾಗ ಆಟಗಾರರು ಮೊದಲು ಕೇಳಿದ್ದು "ಅಂಗಡಿಯವರು ಹೇಗಿದ್ದಾರೆ?" ಅಂತ. ನಿಧಿಯ ಮಾತೇ ಎತ್ತಲಿಲ್ಲ.

ಕಾನೂನಿನ ಪುಟವಂತೂ ಬಂಗಾರ. ಗುಹೆಯಲ್ಲಾದರೆ ಹೊಡೆದು, ಜೇಬು ತಡಕಿ, ಮುಂದಿನ ಕೋಣೆಗೆ ಹೋಗಬಹುದು. ಊರಲ್ಲಿ ಹೆಣ ಬಿದ್ದರೆ ಕಾವಲು ಪಡೆ ಬರುತ್ತದೆ, ಸಾಕ್ಷಿಗಳು ಇರುತ್ತಾರೆ, ನಾಳೆಯೂ ನೀವು ಅದೇ ಬೀದಿಯಲ್ಲಿ ಹಾಲು ತರಬೇಕು. ಯಾವ ತಪ್ಪಿಗೆ ದಂಡ, ಯಾವುದಕ್ಕೆ ಛಡಿಯೇಟು, ಯಾವುದಕ್ಕೆ ಗಡೀಪಾರು ಅಂತ ಒಂದೇ ಕಡೆ ಪಟ್ಟಿ ಇದೆ. ನಮ್ಮ ಕಳ್ಳ ಪಾತ್ರದವಳು ಜಗಳದಲ್ಲಿ ಚಾಕು ತೆಗೆಯುವ ಮುಂಚೆ ಆ ಹಾಳೆ ಎತ್ತಿಕೊಂಡು ಓದುತ್ತಾಳೆ. ಹೊಡೆದಾಟ ಕಮ್ಮಿಯಾಯಿತು, ಕುತಂತ್ರ ಹೆಚ್ಚಾಯಿತು. ನನಗಂತೂ ಇಷ್ಟ. ಸುಮ್ನೆ ದಾಳ ಉರುಳಿಸಿ ಹೊಡೆಯಬೇಕು ಅನ್ನುವವರಿಗೆ ಹಿಡಿಸದು. ಅವರಿಗೆ ಇದೇ ಊರಿನ ಅಡಿಯಲ್ಲಿ ಅಂತಸ್ತಿನ ಮೇಲೆ ಅಂತಸ್ತಾಗಿ ಇಳಿಯುವ ಡಂಜನ್ ಆಫ್ ದ ಮ್ಯಾಡ್ ಮೇಜ್ ಅನ್ನೋ ಇನ್ನೊಂದು ಪುಸ್ತಕ ಇದೆ, ಐದರಿಂದ ಇಪ್ಪತ್ತನೇ ಲೆವೆಲ್‌ವರೆಗೆ. ನಮ್ಮವರು ಹೆಂಡದಂಗಡಿ ಬಿಟ್ಟು ಕೆಳಗಿಳಿಯಲು ಒಪ್ಪಲೇ ಇಲ್ಲ.

ಕೊರತೆ ಇರುವುದು ಬೀದಿ ಮಟ್ಟದಲ್ಲಿ. ಜೊತೆಗೆ ಬರುವ ದೊಡ್ಡ ನಕ್ಷೆ ನೋಡೋಕೆ ಸೊಗಸು, ಕೊನೆಯಲ್ಲಿ ಊರಿನ ಪರಿಚಯದ ಅಧ್ಯಾಯವೂ ಇದೆ. ಆದರೆ ಟ್ರೋಲ್‌ಸ್ಕಲ್ ಓಣಿ ದಾಟಿದರೆ ನಕ್ಷೆಯ ಮೇಲೆ ಬರೀ ಸೂರುಗಳು. ಅಲ್ಲಿ ನನ್ನ ಕೈ ಹಿಡಿದಿದ್ದು ನಮ್ಮದೇ ಪೇಟೆ. ಅಕ್ಕಿಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ. ಕಸುಬಿಗೊಂದು ಪೇಟೆ ಅನ್ನೋ ಈ ಏರ್ಪಾಡನ್ನು ವಾಟರ್‌ಡೀಪ್‌ನ ಟ್ರೇಡ್ಸ್ ವಾರ್ಡ್‌ಗೆ ಹೊಂದಿಸಿದರೆ ಯಾವ ಗಿಲ್ಡ್ ಎಲ್ಲಿದೆ ಅಂತ ತಾನಾಗಿ ಗೊತ್ತಾಗುತ್ತದೆ. ಒಮ್ಮೆ ಚಿಕ್ಕಪೇಟೆಯ ಒಳಗಲ್ಲಿಗಳಲ್ಲಿ ಸುತ್ತಾಡಿ ಬನ್ನಿ. ಬೆನ್ನಟ್ಟುವ ದೃಶ್ಯಕ್ಕೆ ಬೇಕಾದ ತಳ್ಳುಗಾಡಿ, ಹಮಾಲಿ, ತಲೆಗೆ ತಾಗುವ ತಂತಿ ಎಲ್ಲ ಸಿಗುತ್ತದೆ. ಕರಗದ ರಾತ್ರಿಯ ಜನಸಾಗರ ನೋಡಿದ ಮೇಲೆ ಆಟದಲ್ಲೂ ಬೆಳಗಿನ ತನಕ ನಡೆಯುವ ಒಂದು ಮೆರವಣಿಗೆ ಇಟ್ಟೆ. ಕಲ್ಲು ಕದ್ದವನು ಆ ಕಡೆ, ನಮ್ಮವರು ಈ ಕಡೆ, ನಡುವೆ ಅಡ್ಡ ಹೋಗಲಾಗದಷ್ಟು ಜನ. ಪುಸ್ತಕದ ಓಟಕ್ಕಿಂತ ಇದು ಎಷ್ಟೋ ವಾಸಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಓದಿ ನೇರವಾಗಿ ಆಡಿಸಿಬಿಡಬೇಕು ಅನ್ನುವ ಹೊಸ ಡಂಜನ್ ಮಾಸ್ಟರ್‌ಗೆ ಎರಡೇ. ಬಿಚ್ಚಿ, ತಮಗೆ ಬೇಕಾದ ಹಾಗೆ ಜೋಡಿಸಿಕೊಳ್ಳುವ ತಾಳ್ಮೆ ಇರುವವರು ಕೊಳ್ಳಬಹುದು. ತೆಗೆದುಕೊಂಡರೆ ಕಾನೂನಿನ ಪಟ್ಟಿಯನ್ನು ತಲೆಗೊಂದರಂತೆ ಜೆರಾಕ್ಸ್ ಮಾಡಿಸಿ, ಮೊದಲ ಸೆಷನ್‌ಗೆ ಮುಂಚೆಯೇ ಹಂಚಿಬಿಡಿ. ಸಿಕ್ಕಿಬಿದ್ದ ಮೇಲೆ ಕೊಟ್ಟರೆ ಜಗಳ ಖಂಡಿತ.