ಹ್ಯಾಂಡ್‌ಬ್ರೇಕ್ ಕ್ಯೂ: ರಾತ್ರಿ ಹಾಕಿ ಮಲಗಬಹುದು

ಅಕ್ಕನ ಮದುವೆಯ ವಿಡಿಯೋಗಳು ಒಂದು ಫೋಲ್ಡರ್ ತುಂಬ ಇದ್ದವು, ಒಂದೊಂದನ್ನೇ ಚಿಕ್ಕದು ಮಾಡುತ್ತಾ ಕೂರೋದು ಆಗದ ಮಾತು ಅಲ್ವಾ. ಈ ಕೆಲಸಕ್ಕೆ ವಿಡಿಯೋ ಫೈಲಿನ ಗಾತ್ರ ಇಳಿಸುವ ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರ್ ಹೇಳಿ ಮಾಡಿಸಿದ ಹಾಗಿದೆ, ಅದೂ ಪೂರ್ತಿ ಉಚಿತ. ಮೊದಲು ಪ್ರಿಫರೆನ್ಸಸ್‌ನಲ್ಲಿ ಔಟ್‌ಪುಟ್ ಫೋಲ್ಡರ್ ಕೊಟ್ಟು, ಮೂಲ ಫೈಲಿನ ಹೆಸರೇ ಬರುವ ಹಾಗೆ ಮಾಡಿಕೊಳ್ಳಿ. ಆಮೇಲೆ ಇಡೀ ಫೋಲ್ಡರ್ ತೆರೆದು, ಪ್ರಿಸೆಟ್ (ಸಿದ್ಧ ಸೆಟ್ಟಿಂಗ್‌ಗಳ ಗುಂಪು) ಆರಿಸಿ, 'ಆಡ್ ಆಲ್' ಒತ್ತಿದರೆ ಎಲ್ಲವೂ ಸಾಲಾಗಿ ಕ್ಯೂ ಸೇರುತ್ತವೆ. ನಾನು ಫಾಸ್ಟ್ 1080ಪಿ30 ಅನ್ನೋ ಪ್ರಿಸೆಟ್ ತೆಗೆದುಕೊಂಡು, ಚಿತ್ರದ ಗುಣಮಟ್ಟ ನಿರ್ಧರಿಸುವ ಆರ್‌ಎಫ್ ಸಂಖ್ಯೆಯನ್ನು 22ರಿಂದ 20ಕ್ಕೆ ಇಳಿಸಿದೆ. ಸಂಖ್ಯೆ ಇಳಿದಷ್ಟೂ ಚಿತ್ರ ಚೆನ್ನ, ಫೈಲ್ ಮಾತ್ರ ಜಾಸ್ತಿ ದೊಡ್ಡದು. ಕ್ಯೂಗೆ ಸೇರಿಸಿದ ಮೇಲೆ ಪ್ರಿಸೆಟ್ ಬದಲಿಸಿದರೆ ಹಳೆಯ ಜಾಬ್‌ಗಳು ಬದಲಾಗುವುದಿಲ್ಲ, ಅದಕ್ಕೇ ಮೊದಲು ಒಂದು ಚಿಕ್ಕ ಫೈಲ್ ಓಡಿಸಿ ನೋಡಿ. ನನ್ನ ಆ ಒಂದು ಫೈಲಿನಲ್ಲಿ ಆರತಿಯ ದೀಪ, ಅಕ್ಕನ ಸೀರೆಯ ಜರಿ ಎರಡೂ ಸ್ಪಷ್ಟವಾಗಿ ಕಂಡ ಮೇಲೇ ಉಳಿದವನ್ನು ರಾತ್ರಿಗೆ ಬಿಟ್ಟೆ.